ಗಾಳಿಯ ತಾಪಮಾನ ಅಳೆಯುವ ಸೆನ್ಸರ್‌ಗೆ ಹೊಸ ಜಾಗ

ನನ್ನ ಟ್ರಕ್‌ನ ಪೆಟ್ರೋಲ್ ಎಂಜಿನ್‌ಗೆ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಮತ್ತು ಇಂಟರ್‌ಕೂಲರ್ (ಆ ಗಾಳಿಯನ್ನು ತಣಿಸುವ ಸಾಧನ) ಕೂರಿಸಿದ ಮೇಲೆ ಒಂದು ತೊಂದರೆ ಬಿಡದೆ ಕಾಡಿತು. ಬಿಸಿಯಾದ ಎಂಜಿನ್ ನಿಂತಲ್ಲೇ ಸ್ವಲ್ಪ ಹೊತ್ತು ಓಡಿದರೆ ಸಾಕು, ಒಳಹೋಗುವ ಗಾಳಿ 70 ಡಿಗ್ರಿ ದಾಟಿದೆ ಎಂದು ಸ್ಕ್ಯಾನರ್ ತೋರಿಸುತ್ತಿತ್ತು. ಹೊರಟ ಮೇಲೂ ಆ ಅಂಕಿ ಬೇಗ ಇಳಿಯುತ್ತಿರಲಿಲ್ಲ, ಅಲ್ಲಿಯವರೆಗೂ ಗಾಡಿಗೆ ಎಳೆತವಿಲ್ಲ. ಆದರೆ ಇಂಟರ್‌ಕೂಲರ್‌ನಿಂದ ಹೊರಬರುವ ಪೈಪನ್ನು ಮುಟ್ಟಿದರೆ ಬರೀ ಬೆಚ್ಚಗಿತ್ತು.

ಸೆನ್ಸರ್ ಇದ್ದದ್ದು ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಅಲ್ಯೂಮಿನಿಯಂ ಮೈಯಲ್ಲಿ. ಅದರ ಹಿತ್ತಾಳೆಯ ಮುಚ್ಚಿದ ತುದಿ ಗಾಳಿಗಿಂತ ಹೆಚ್ಚಾಗಿ ಲೋಹದ ಬಿಸಿಯನ್ನೇ ಅಳೆಯುತ್ತಿತ್ತು. ನನ್ನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮ್ಯಾನಿಫೋಲ್ಡ್ ಒತ್ತಡ ಮತ್ತು ಗಾಳಿಯ ತಾಪಮಾನದಿಂದಲೇ ಗಾಳಿಯ ತೂಕ ಲೆಕ್ಕ ಹಾಕುತ್ತದೆ. ನಿಜವಾಗಿ 35 ಡಿಗ್ರಿ ಇರುವ ಗಾಳಿಯನ್ನು 65 ಎಂದುಕೊಂಡರೆ ಇಂಧನ ಸುಮಾರು ಶೇ 9ರಷ್ಟು ಕಡಿಮೆಯಾಗುತ್ತದೆ, ಸ್ಪಾರ್ಕ್ ಟೈಮಿಂಗ್ ಕೂಡ ಹಿಂದೆ ಸರಿದು ಕಿಡಿ ತಡವಾಗಿ ಹಾರುತ್ತದೆ. ನಿಧಾನ ಓಟದಲ್ಲಿ ಎಕ್ಸಾಸ್ಟ್ ಹೊಗೆಯನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಇದನ್ನು ತಿದ್ದುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ (ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ) ಆ ತಿದ್ದುಪಡಿಯನ್ನು ನಂಬುವಂತಿಲ್ಲ.

ಅಂಕಿ ಕಡಿಮೆ ಕಾಣಲಿ ಎಂದು ಸೆನ್ಸರ್ ಸರಿಸುವವರಿದ್ದಾರೆ. ಏರ್ ಫಿಲ್ಟರ್ ಪಕ್ಕದಲ್ಲಿಟ್ಟರೆ ಅಂಕಿ ಚೆನ್ನಾಗಿಯೇ ಇಳಿಯುತ್ತದೆ. ಆದರೆ ಟರ್ಬೊ ಗಾಳಿಯನ್ನು ಒತ್ತಿ ಬಿಸಿಮಾಡುವುದು ಅದರ ನಂತರ. ಆ ಬಿಸಿ ಇಸಿಯುಗೆ ತಿಳಿಯದೆ ಹೋದರೆ ಟೈಮಿಂಗ್ ತಗ್ಗುವುದಿಲ್ಲ, ನಾಕ್ (ಇಂಧನ ತಾನಾಗಿಯೇ ಸಿಡಿದು ಉರಿಯುವುದು) ಶುರುವಾಗಿ ಪಿಸ್ಟನ್‌ಗೆ ಕುತ್ತು ಬರುತ್ತದೆ. ಹಾಗಾಗಿ ಇಂಟರ್‌ಕೂಲರ್ ದಾಟಿದ ಮೇಲೆ, ಗಾಳಿಗೆ ದಾರಿ ತೆರೆಯುವ ಥ್ರಾಟಲ್ ಬಾಡಿಗೆ ಮುಂಚೆ ಬರುವ ನೇರ ಪೈಪನ್ನು ಆರಿಸಿಕೊಂಡೆ. ಪೈಪಿನ ತಳದಲ್ಲಿ ಎಣ್ಣೆ ನಿಲ್ಲುತ್ತದೆ, ಆದ್ದರಿಂದ ಸೆನ್ಸರ್ ಪಕ್ಕದಿಂದ ಬರುವಂತೆ ಮಾಡಿದೆ.

ಪೈಪನ್ನು ಪೂರ್ತಿ ಕಳಚಿ ತೂತು ಕೊರೆದು, ಥ್ರೆಡ್ ಇರುವ ಅಲ್ಯೂಮಿನಿಯಂ ಬುಷ್ ಬೆಸುಗೆ ಹಾಕಿಸಿದೆ. ಪೈಪ್ ಗಾಡಿಯಲ್ಲಿ ಇರುವಾಗಲೇ ಕೊರೆಯಬಾರದು, ಲೋಹದ ಚೂರುಗಳು ನೇರವಾಗಿ ಸಿಲಿಂಡರ್ ಸೇರುತ್ತವೆ. ರಬ್ಬರ್ ಗ್ರಾಮೆಟ್‌ನಲ್ಲಿ ತುರುಕುವ ಮಾದರಿಯ ಸೆನ್ಸರ್ ಬೇಡವೆಂದೆ, ಏಕೆಂದರೆ ಬೂಸ್ಟ್ (ಟರ್ಬೊ ಕೊಡುವ ಒತ್ತಡ) ಏರಿದಾಗ ಅದು ಚಿಮ್ಮಿ ಹೊರಬರಬಹುದು. ಪುಟ್ಟ ಪ್ಲಾಸ್ಟಿಕ್ ಪಂಜರದೊಳಗೆ ಮಣಿಯಷ್ಟು ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಬಿಡಿಭಾಗ) ತೆರೆದುಕೊಂಡಿರುವ ಸೆನ್ಸರ್ ಹಾಕಿದೆ. ಗಾಳಿ ನೇರವಾಗಿ ತಾಗುವುದರಿಂದ ಅದು ಥಟ್ಟನೆ ಪ್ರತಿಕ್ರಿಯಿಸುತ್ತದೆ. ಕೊಳ್ಳುವ ಮೊದಲು ಅದರ ತಾಪಮಾನ–ರೋಧ ಪಟ್ಟಿಯನ್ನು ಹಳೆಯದರ ಪಟ್ಟಿಯೊಂದಿಗೆ ಹೋಲಿಸಲೇಬೇಕು, ಹೊಂದದಿದ್ದರೆ ಇಸಿಯು ಓದುವುದೆಲ್ಲ ತಪ್ಪು. ಮ್ಯಾನಿಫೋಲ್ಡ್‌ನ ಹಳೆಯ ತೂತಿಗೆ ಥ್ರೆಡ್ ಪ್ಲಗ್ ಬಿಗಿದೆ.

ನಾನು ಹೆಚ್ಚು ಹೊತ್ತು ಕೊಟ್ಟದ್ದು ವೈರಿಂಗ್‌ಗೆ. ಬಿಸಿಯಾದಂತೆ ಥರ್ಮಿಸ್ಟರ್‌ನ ರೋಧ ಇಳಿಯುತ್ತದೆ: 25 ಡಿಗ್ರಿಯಲ್ಲಿ ಸಾವಿರಾರು ಓಮ್ ಇರುವುದು 100 ಡಿಗ್ರಿಯ ಹೊತ್ತಿಗೆ ಕೆಲವೇ ನೂರು. ವೈರ್ ಒಂದು ಮೀಟರ್ ಉದ್ದವಾದರೆ ಏನೂ ಆಗುವುದಿಲ್ಲ. ಕಿಲುಬು ಹಿಡಿದ ಜೋಡಣೆ ಮಾತ್ರ ಅಪಾಯಕಾರಿ, ಅದು ಸೇರಿಸುವ ರೋಧ ಗಾಳಿಯನ್ನು ಇದ್ದುದಕ್ಕಿಂತ ತಣ್ಣಗೆ ತೋರಿಸುತ್ತದೆ. ಪ್ರತಿ ಜೋಡಣೆಗೂ ಸೋಲ್ಡರ್ ಮಾಡಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ, ಎಕ್ಸಾಸ್ಟ್‌ನಿಂದಲೂ ಸ್ಪಾರ್ಕ್ ಪ್ಲಗ್ ವೈರ್‌ಗಳಿಂದಲೂ ದೂರ ಸಾಗಿಸಿದೆ.

ಮರುದಿನ ಬೆಳಿಗ್ಗೆ ಎಂಜಿನ್ ಚಾಲೂ ಮಾಡದೆ ಕೀ ತಿರುಗಿಸಿ ನೋಡಿದೆ. ಕೂಲೆಂಟ್ ತಾಪಮಾನ, ಗಾಳಿಯ ತಾಪಮಾನ ಎರಡೂ ಹೊರಗಿನ ಉಷ್ಣತೆಗೆ ತಾಳೆಯಾದವು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಇಸಿಯುನ ಹಳೆಯ ಇಂಧನದ ಟೇಬಲ್ (ಎಷ್ಟು ಇಂಧನ ಕೊಡಬೇಕೆಂಬ ಪಟ್ಟಿ) ಸಿದ್ಧವಾದದ್ದು ಆ ಸುಳ್ಳು ಅಂಕಿಗಳ ಮೇಲೆ. ಹೊಸ ಜಾಗದಲ್ಲಿ ಅಂಕಿ ಇಳಿದ ಕೂಡಲೇ ಮಿಶ್ರಣದಲ್ಲಿ ಇಂಧನ ಹೆಚ್ಚಾಯಿತು, ಹೀಗಾಗಿ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ನೋಡುತ್ತ ಟೇಬಲ್ ಮತ್ತೆ ತಿದ್ದಬೇಕಾಯಿತು. ಗಾಳಿ ನಿಧಾನವಾಗಿ ಹರಿಯುವಾಗ ಬಿಸಿ ಮ್ಯಾನಿಫೋಲ್ಡ್‌ನಲ್ಲಿ ಅದು ನಿಜವಾಗಿಯೂ ಬಿಸಿಯಾಗುತ್ತದೆ. ಹೊಸ ಜಾಗದ ಸೆನ್ಸರ್‌ಗೆ ಇದು ಕಾಣಿಸದು. ಆದ್ದರಿಂದ ಕಡಿಮೆ ಹರಿವಿನಲ್ಲಿ ಗಾಳಿಯ ಬಿಸಿಯನ್ನು ಅಂದಾಜಿಸುವಾಗ ಕೂಲೆಂಟ್ ತಾಪಮಾನಕ್ಕೆ ಇಸಿಯು ಕೊಡುವ ಪಾಲನ್ನು ಹೆಚ್ಚಿಸಿದೆ. ಟೈಮಿಂಗನ್ನು ಕಟ್ಟಕಡೆಗೆ, ನಾಕ್ ಸೆನ್ಸರ್‌ನ ದಾಖಲೆ ನೋಡಿಕೊಂಡು, ಒಂದೊಂದೇ ಡಿಗ್ರಿ ಮುಂದಕ್ಕೆ ತಂದೆ.