ಸ್ಕೈಲೈನ್ ಪೋಸ್ಟಲ್ಲಿ ನೀಲಿ ಬಾವುಟ ಹಿಡಿದು ಆರು ಗಂಟೆ

ಸಿಡ್ನಿಯಿಂದ ಸುಮಾರು 200 ಕಿಲೋಮೀಟರ್ ಹೋದ್ರೆ ಬ್ಯಾಥರ್ಸ್ಟ್, ಅಲ್ಲಿ ಮೌಂಟ್ ಪನೋರಮಾ ಅಂತ ಗುಡ್ಡ. ಮಾಮೂಲಿ ದಿನ ಯಾರು ಬೇಕಾದ್ರೂ 60ರ ಸ್ಪೀಡಲ್ಲಿ ಒಂದು ಸುತ್ತು ಹಾಕ್ಕೊಂಡು ಬರೋ ರೋಡದು, ಈಸ್ಟರ್ ಬಂದ್ರೆ ಅದೇ ರೋಡಲ್ಲಿ ಬ್ಯಾಥರ್ಸ್ಟ್ 6 ಅವರ್ ರೇಸು. 2016ರಿಂದ ನಡೀತಿದೆ. ಶೋರೂಮಲ್ಲಿ ಸಿಗೋ ಕಾರಿಗೇ ರೋಲ್ ಕೇಜ್ (ಪಲ್ಟಿಯಾದ್ರೂ ಡ್ರೈವರ್‌ನ ಕಾಪಾಡೋ ಉಕ್ಕಿನ ಚೌಕಟ್ಟು) ಕೂರಿಸಿ ಓಡಿಸ್ತಾರೆ. ಇಲ್ಲಿನ ಹೆಸರುವಾಸಿ ಬ್ಯಾಥರ್ಸ್ಟ್ 1000 ಕೂಡ 1963ರಲ್ಲಿ ಈ ಗುಡ್ಡಕ್ಕೆ ಬಂದಾಗ ಇಂಥ ಕಾರುಗಳದ್ದೇ 500 ಮೈಲಿ ರೇಸಾಗಿತ್ತು, ಅದಕ್ಕೇ ನಂಗೆ ಇದ್ರ ಮೇಲೆ ಜಾಸ್ತಿ ಪ್ರೀತಿ.

ನಾನು ಹೋಗಿದ್ದು ಫ್ಲ್ಯಾಗ್ ಮಾರ್ಷಲ್ ಆಗಿ, ಅಂದ್ರೆ ಟ್ರ್ಯಾಕ್ ಪಕ್ಕ ನಿಂತು ಬಾವುಟದಲ್ಲಿ ಡ್ರೈವರ್‌ಗಳಿಗೆ ಸೂಚನೆ ಕೊಡೋ ಕೆಲಸ, ಸಂಬಳ ಇಲ್ಲ. ಹಾಕಿದ್ದು ಗುಡ್ಡದ ಮೇಲಿನ ಸ್ಕೈಲೈನ್ ಅನ್ನೋ ಜಾಗದ ಹತ್ರ. ಸುತ್ತು 6.213 ಕಿಲೋಮೀಟರ್, ತಳದಿಂದ ತುದಿಗೆ 174 ಮೀಟರ್ ಏರು, ಏರಿದ್ದೆಲ್ಲ ಇಲ್ಲಿಂದ ದಿಢೀರ್ ಅಂತ ಇಳಿಯೋಕೆ ಶುರು. ಡ್ರೈವರ್ ಕಣ್ಣಿಗೆ ಬರೀ ಆಕಾಶ, ಕೆಳಗೆ ಯಾರಾದ್ರೂ ಸ್ಪಿನ್ ಆಗಿ ಅಡ್ಡ ನಿಂತಿದ್ರೆ ಅವ್ರಿಗೆ ಗೊತ್ತಾಗೋದು ನಮ್ಮ ಬಾವುಟ ನೋಡಿಯೇ.

ಪೋಸ್ಟಲ್ಲಿ, ಅಂದ್ರೆ ಮಾರ್ಷಲ್‌ಗಳು ನಿಲ್ಲೋ ಜಾಗದಲ್ಲಿ, ಇಬ್ಬರು ಎದುರುಬದುರು ನಿಲ್ತೀವಿ. ನನ್ನ ಕೈಲಿ ನೀಲಿ (ಹಿಂದೆ ಜೋರಾಗಿ ಬರ್ತಿರೋ ಕಾರಿದೆ ಅಂತ ಮುಂದಿನೋನಿಗೆ ಹೇಳೋದು), ಮುಖ ಬರೋ ಕಾರುಗಳ ಕಡೆ. ಜೊತೆಗಿದ್ದ ಹಿರಿಯಾಕೆ ಕೈಲಿ ಹಳದಿ (ಮುಂದೆ ಅಪಾಯ ಇದೆ, ನಿಧಾನ ಅಂತ), ಅವ್ರ ಮುಖ ಇಳಿಜಾರಿನ ಕಡೆ. ಅವ್ರ ಬೆನ್ನ ಹಿಂದಿನ ಅಪಾಯ ನಾನು ನೋಡ್ಬೇಕು, ನನ್ನ ಬೆನ್ನ ಹಿಂದಿಂದು ಅವ್ರು.

ಬಿಎಂಡಬ್ಲ್ಯೂ ಎಂ4ನಂಥ ಜೋರು ಕಾರೂ ಪುಟ್ಟ ಹ್ಯಾಚ್‌ಬ್ಯಾಕೂ ಒಂದೇ ಟ್ರ್ಯಾಕಲ್ಲಿ ಇರೋದ್ರಿಂದ ನೀಲಿಗೆ ಬಿಡುವೇ ಇಲ್ಲ. ಮೊದಲ ಅರ್ಧ ಗಂಟೆ ನಾನು ಎಲ್ಲರಿಗೂ ಬೀಸ್ತಾನೇ ಇದ್ದೆ. ಆಗ ಅವ್ರು ಹೇಳಿದ್ರು, "ಕಾರು ನೋಡ್ಬೇಡ, ಎರಡು ಕಾರಿನ ನಡುವಿನ ಜಾಗ ನೋಡು. ಮುಂದಿನ ಪೋಸ್ಟ್ ಒಳಗೆ ಹಿಂದಿನೋನು ಹಿಡೀತಾನೆ ಅನ್ಸಿದ್ರೆ ಮಾತ್ರ ತೋರ್ಸು, ಸುಮ್ನೆ ಬೀಸಿದ್ರೆ ಯಾರೂ ನೋಡಲ್ಲ." ಆಮೇಲೆ ಒಂದು ಕಾರಿಗೂ ಹಿಂದಿನದಕ್ಕೂ ಎಷ್ಟು ಅಂತರ ಅಂತ ಮನಸಲ್ಲೇ ಒಂದು, ಎರಡು, ಮೂರು ಅಂತ ಎಣಿಸೋಕೆ ಶುರು ಮಾಡಿದೆ, ಎರಡನೇ ಗಂಟೆ ಹೊತ್ತಿಗೆ ಕಾರು ಕಾಣೋ ಮೊದ್ಲೇ ಸದ್ದಲ್ಲೇ ಯಾರು ಬರ್ತಿದಾರೆ ಅಂತ ತಿಳೀತಿತ್ತು.

ನಾಲ್ಕನೇ ಗಂಟೇಲಿ ಒಂದು ಹ್ಯಾಚ್‌ಬ್ಯಾಕ್ ಕೆಳಗೆ ತಿರುಗಿ ರೋಡಿಗೆ ಅಡ್ಡ ನಿಂತ್ಕೊಂಡ್ತು. ನಾನು ತಿರುಗಿ ನೋಡೋ ಹಾಗಿಲ್ಲ, ನಂಗೆ ಕಂಡಿದ್ದು ಹಿರಿಯಾಕೆ ತೋಳು ಪೂರ್ತಿ ಚಾಚಿ ಹಳದಿ ಬೀಸ್ತಿದ್ದು, ಅವ್ರ ಹಿಂದೆ ಒಂದಕ್ಕೊಂದು ಅಂಟಿಕೊಂಡು ಬರ್ತಿದ್ದ ಮೂರು ಕಾರು. ಮೊದಲನೇದರ ಮೂತಿ ಬ್ರೇಕಿಗೆ ಬಗ್ಗಿದ್ದು ಕಂಡಾಗ್ಲೇ ಉಸಿರು ಬಂತು. ಮೂರೂ ಪಕ್ಕದಿಂದ ನಿಧಾನಕ್ಕೆ ಹೋದ್ವು, ಎಲ್ಲರನ್ನೂ ನಿಧಾನ ಮಾಡಿಸೋಕೆ ಮುಂದೆ ಓಡೋ ಸೇಫ್ಟಿ ಕಾರ್ ಬಂತು, ಡ್ರೈವರ್‌ಗೆ ಏನೂ ಆಗ್ಲಿಲ್ಲ.

ಹೊಸದಾಗಿ ಹೋಗೋರಿಗೆ ಒಂದು ಮಾತು, ನೈಲಾನ್ ಬಟ್ಟೆ ಬೇಡ, ಬೆಂಕಿ ಬಿದ್ರೆ ಮೈಗೆ ಅಂಟುತ್ತೆ, ಬಾವುಟದ ಬಣ್ಣದ ಶರ್ಟೂ ಬೇಡ. ಬೆಟ್ಟದ ಮೇಲೆ ಬೆಳಗ್ಗೆ ಸಖತ್ ಚಳಿ, ಕೈಗವಸು ಬೇಕೇ ಬೇಕು.

ರೇಸ್ ಮುಗಿದ್ಮೇಲೆ ಕಾರುಗಳು ನಿಧಾನಕ್ಕೆ ಕೊನೇ ಸುತ್ತು ಬರುವಾಗ ಮಾರ್ಷಲ್‌ಗಳೆಲ್ಲ ಎಲ್ಲಾ ಬಾವುಟ ಒಟ್ಟಿಗೆ ಬೀಸ್ತೀವಿ, ಡ್ರೈವರ್‌ಗಳು ಕಿಟಕಿಯಿಂದ ಕೈ ಬೀಸ್ತಾರೆ. ಭುಜ ಎತ್ತೋಕೆ ಆಗ್ತಿರ್ಲಿಲ್ಲ, ಆದ್ರೂ ಕೊನೇ ಕಾರಿನ ತನಕ ಬೀಸಿದೆ. ಮುಂದಿನ ಈಸ್ಟರ್‌ಗೂ ಹೆಸರು ಕೊಟ್ಟಿದೀನಿ, ಈ ಸಲ ಹಳದಿ ಕೇಳಿದೀನಿ.