ದಶಮಾಂಶಗಳ ಗುಣಾಕಾರ: ಬಿಂದುವಿನ ಜಾಗವನ್ನು ಮಕ್ಕಳಿಗೆ ಕಲಿಸುವುದು ಹೇಗೆ?

0.3ನ್ನು 0.2ರಿಂದ ಗುಣಿಸಿದರೆ ಎಷ್ಟು ಎಂದು ಆರನೆಯ ಅಥವಾ ಏಳನೆಯ ತರಗತಿಯ ಮಕ್ಕಳನ್ನು ಕೇಳಿ ನೋಡಿ, 0.6 ಎಂಬ ಉತ್ತರ ಯಾವುದಾದರೊಂದು ಬೆಂಚಿನಿಂದ ತಪ್ಪದೆ ಬರುತ್ತದೆ. ಹಾಗೆ ಹೇಳಿದ ಮಗುವಿಗೆ ಮಗ್ಗಿ ಬರುವುದಿಲ್ಲವೆಂದಲ್ಲ. ಕೂಡುವಾಗ ಬಿಂದುವಿನ ಕೆಳಗೆ ಬಿಂದು ಬರೆಯಬೇಕೆಂದು ಕಲಿತದ್ದನ್ನೇ ಅದು ಗುಣಾಕಾರಕ್ಕೂ ತಂದು, ಮೇಲಿದ್ದ ಬಿಂದುವನ್ನು ನೇರವಾಗಿ ಕೆಳಗಿಳಿಸಿದೆ, ಅಷ್ಟೆ. ಇದಕ್ಕೆ ಮದ್ದೆಂದು ಹೆಚ್ಚಿನವರು ‘ಬಿಂದುವಿನ ನಂತರದ ಅಂಕಿಗಳನ್ನು ಎಣಿಸಿ, ಉತ್ತರದಲ್ಲಿ ಬಲಗಡೆಯಿಂದ ಅಷ್ಟೇ ಸ್ಥಾನ ಬಿಟ್ಟು ಬಿಂದು ಇಡು’ ಎಂಬ ಸೂತ್ರವನ್ನು ಮೊದಲ ದಿನವೇ ಹೇಳಿಕೊಟ್ಟು ಪಾಠ ಮುಗಿಸಿಬಿಡುತ್ತಾರೆ. ಸೂತ್ರ ಸರಿಯಾದದ್ದೇ. ಆದರೆ ಕಾರಣ ತಿಳಿಯದೆ ಬಾಯಿಗೆ ಬಂದ ಸೂತ್ರ, ಸೊನ್ನೆಯೊಂದು ಅಡ್ಡ ಬಂದ ಕೂಡಲೇ ಕೈಕೊಡುತ್ತದೆ. ಆದ್ದರಿಂದ ಅದನ್ನು ಕಟ್ಟಕಡೆಗೆ, ಅದರ ನೆರವಿಲ್ಲದೆಯೇ ಮಕ್ಕಳು ಬಿಂದುವಿನ ಜಾಗವನ್ನು ಹೇಳಬಲ್ಲರೆಂದು ಖಚಿತವಾದ ಮೇಲೆ ಮಾತ್ರ ಕೊಡಬೇಕು.

ಪಾಠಕ್ಕೆ ಮುನ್ನ ಎರಡಂಕಿಗಳ ಗುಣಾಕಾರ, ಭಿನ್ನರಾಶಿಗಳ ಗುಣಾಕಾರ ಮತ್ತು ಸ್ಥಾನಬೆಲೆ ಈ ಮೂರೂ ಮಕ್ಕಳಿಗೆ ಬರುತ್ತವೆಯೇ ಎಂದು ನೋಡಿಕೊಳ್ಳಿ. ಮೊದಲಿನ ಎರಡರ ಕೊರತೆ ಬೇಗ ಕಣ್ಣಿಗೆ ಬೀಳುತ್ತದೆ, ಮೂರನೆಯದು ಅಡಗಿಕೊಂಡಿರುತ್ತದೆ. 0.3 ಮತ್ತು 0.12 ಇವುಗಳಲ್ಲಿ ದೊಡ್ಡದು ಯಾವುದು ಎಂಬ ಒಂದೇ ಪ್ರಶ್ನೆ ಅದನ್ನು ಹೊರಗೆಳೆಯುತ್ತದೆ. 0.12 ದೊಡ್ಡದು ಎನ್ನುವ ಮಗು ಬಿಂದುವಿನ ಬಲಭಾಗವನ್ನು ಹನ್ನೆರಡು ಎಂಬ ಪೂರ್ಣಸಂಖ್ಯೆಯಾಗಿ ಓದುತ್ತಿದೆ ಎಂದರ್ಥ, ಮತ್ತು ಆ ಸ್ಥಿತಿಯಲ್ಲಿ ಗುಣಾಕಾರಕ್ಕೆ ಹೋಗುವುದು ವ್ಯರ್ಥ. ತರಗತಿಯಲ್ಲಿ ಯಾರೂ ‘ಸೊನ್ನೆ ಬಿಂದು ಹನ್ನೆರಡು’ ಎನ್ನದಂತೆ ನೋಡಿಕೊಳ್ಳಿ. ‘ಸೊನ್ನೆ ಬಿಂದು ಒಂದು ಎರಡು’ ಎಂದೋ ‘ನೂರನೆಯ ಹನ್ನೆರಡು ಭಾಗ’ ಎಂದೋ ಓದಲಿ. ಬಿಂದುವಿನ ಎಡಗಡೆಯ ಸೊನ್ನೆಯನ್ನು ಬಿಟ್ಟು ಬರೆಯುವುದಕ್ಕೂ ನನ್ನ ಒಪ್ಪಿಗೆಯಿಲ್ಲ: ಸೊನ್ನೆಯಿಲ್ಲದ ಬಿಂದು ನೋಟ್‌ಬುಕ್ಕಿನಲ್ಲಿ ಶಾಯಿಯ ಚುಕ್ಕೆಯಂತೆ ಕಾಣಿಸಿ, ಮುಂದಿನ ಸಾಲಿಗೆ ಬರುವಷ್ಟರಲ್ಲಿ ಮಾಯವಾಗಿರುತ್ತದೆ. ಗುಣಾಕಾರಕ್ಕೂ ಚುಕ್ಕೆಯ ಬದಲು × ಚಿಹ್ನೆಯನ್ನೇ ಬಳಸಿ.

ಮೊದಲ ಹಂತ ದಶಮಾಂಶವನ್ನು ಪೂರ್ಣಸಂಖ್ಯೆಯಿಂದ ಗುಣಿಸುವುದು. ಇದು ಸುಲಭ: 0.6 × 4 ಎಂದರೆ ಹತ್ತನೆಯ ಆರು ಭಾಗ ನಾಲ್ಕು ಸಲ, ಅಂದರೆ ಇಪ್ಪತ್ತನಾಲ್ಕು ಹತ್ತನೆಯ ಭಾಗಗಳು, ಅಂದರೆ 2.4. ಇದಕ್ಕೆ ಒಂದು ಪೀರಿಯಡ್ ಸಾಕು.

ಎರಡನೆಯದು 10, 100, 1000ರಿಂದ ಗುಣಿಸುವುದು. ‘ಹತ್ತರಿಂದ ಗುಣಿಸಿದರೆ ಕೊನೆಗೊಂದು ಸೊನ್ನೆ ಸೇರಿಸು’ ಎಂಬ ಅಡ್ಡದಾರಿಯನ್ನು ಮಕ್ಕಳು ಹಿಂದಿನ ತರಗತಿಗಳಿಂದ ಹೊತ್ತು ತಂದಿರುತ್ತಾರೆ. ಅದರ ಪ್ರಕಾರ 2.5 × 10 = 2.50 ಆಗುತ್ತದೆ, ಅಂದರೆ ಸಂಖ್ಯೆ ಇದ್ದಲ್ಲೇ ಇರುತ್ತದೆ. ಸ್ಥಾನಬೆಲೆಯ ಪಟ್ಟಿಯೊಂದನ್ನು ಬರೆಸಿ, 10ರಿಂದ ಗುಣಿಸಿದಾಗ ಪ್ರತಿಯೊಂದು ಅಂಕಿಯೂ ಒಂದು ಮನೆ ಎಡಕ್ಕೆ ಸರಿಯುತ್ತದೆ, ಬಿಂದು ಮಾತ್ರ ಕದಲುವುದಿಲ್ಲ ಎಂದು ತೋರಿಸಿ. ಬಿಂದುವೇ ಜಿಗಿಯುತ್ತದೆಂದು ಬಾಣದ ಗುರುತು ಹಾಕಿ ತೋರಿಸುವ ವಿಡಿಯೊಗಳು ಬೇಕಾದಷ್ಟಿವೆ. ಉತ್ತರ ಸರಿಯೇ ಬರುತ್ತದೆ, ಆದರೆ ಯಾವ ಕಡೆಗೆ ಜಿಗಿಯಬೇಕೆಂಬ ಹೊಸ ಗೊಂದಲವೊಂದು ಅದರ ಬೆನ್ನಿಗೇ ಬರುತ್ತದೆ.

ದಶಮಾಂಶವನ್ನು ದಶಮಾಂಶದಿಂದಲೇ ಗುಣಿಸುವ ಮೂರನೆಯ ಹಂತದಲ್ಲಿ ಮಾತ್ರ ಅವಸರ ಕೂಡದು. ಪದೇ ಪದೇ ಕೂಡುವುದೇ ಗುಣಾಕಾರ ಎಂಬ ಹಳೆಯ ಅರ್ಥ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ 0.4ನ್ನು 0.3 ಸಲ ಕೂಡುವುದು ಹೇಗೆಂದು ಯಾವ ಮಗುವೂ ಊಹಿಸಿಕೊಳ್ಳಲಾರದು. ಅದರ ಬದಲು ‘0.4ರಲ್ಲಿ ಹತ್ತನೆಯ ಮೂರು ಭಾಗ’ ಎಂದು ಹೇಳಿ, ಅದನ್ನು ವಿಸ್ತೀರ್ಣವಾಗಿ ತೋರಿಸಬೇಕು. ಪ್ರತಿ ಮಗುವಿನ ಕೈಗೂ ಒಂದು ಗ್ರಾಫ್ ಹಾಳೆ ಕೊಡಿ. ಸೆಂಟಿಮೀಟರ್ ಗೆರೆಗಳು ಉಳಿದವುಗಳಿಗಿಂತ ಗಾಢವಾಗಿ ಅಚ್ಚಾಗಿರುವ ಹಾಳೆಯೇ ಆಗಬೇಕು, ಎಲ್ಲ ಗೆರೆಗಳೂ ಒಂದೇ ತೆರನಾಗಿ ಮಸುಕಾಗಿರುವ ಹಾಳೆಯಿಂದ ಕಣ್ಣಿಗೆ ಶ್ರಮವೇ ಹೊರತು ಪ್ರಯೋಜನವಿಲ್ಲ. ಅದರ ಮೇಲೆ 10 ಸೆಂಟಿಮೀಟರ್ ಬಾಹುವಿನ ಚೌಕವೊಂದನ್ನು ಎಳೆಸಿ, ‘ಈ ಇಡೀ ಚೌಕ = 1’ ಎಂದು ಪಕ್ಕದಲ್ಲೇ ಬರೆಸಿ. ಬಾಹುವಿನ ಉದ್ದವೂ 1. ಆದ್ದರಿಂದ ಬಾಹುವಿನ ಮೇಲಿನ ಒಂದೊಂದು ಸೆಂಟಿಮೀಟರೂ 0.1. ಒಳಗಿರುವ ಸೆಂಟಿಮೀಟರ್ ಚೌಕಗಳು ನೂರು. ಆದ್ದರಿಂದ ಒಂದೊಂದು ಪುಟ್ಟ ಚೌಕವೂ 0.01.

ಎಡವುವುದು ಇಲ್ಲಿಯೇ. ಪುಟ್ಟ ಚೌಕದ ಬಾಹು 0.1 ಆಗಿರುವುದರಿಂದ ಆ ಚೌಕವೂ 0.1 ಎಂದೇ ಮಕ್ಕಳು ಭಾವಿಸುತ್ತಾರೆ. ಬಾಯಿಮಾತಿನಲ್ಲಿ ತಿದ್ದಿದರೆ ಇದು ಹೋಗುವುದಿಲ್ಲ. ಒಂದು ಸಾಲು ಚೌಕಗಳಿಗೆ ಬಣ್ಣ ಹಚ್ಚಿಸಿ, ಅಂಥ ಎಷ್ಟು ಸಾಲುಗಳು ಸೇರಿದರೆ 1 ಆಗುತ್ತದೆ ಎಂದು ಕೇಳಿ. ಹತ್ತು ಎಂಬ ಉತ್ತರ ಬಂದ ಮೇಲೆ, ಹಾಗಾದರೆ 0.1 ಎಂದರೆ ಇಡೀ ಸಾಲೋ ಸಾಲಿನ ಒಂದು ಚೌಕವೋ ಎಂದು ಕೇಳಿ. ಉತ್ತರ ಅವರಿಂದಲೇ ಬರಲಿ.

ಈಗ ಕೆಳಗಿನ ಎಡಮೂಲೆಯಿಂದ ಅಡ್ಡಲಾಗಿ 0.3, ನೇರ ಮೇಲಕ್ಕೆ 0.4 ಗುರುತಿಸಿ ಆಯತವನ್ನು ಪೂರ್ತಿ ಮಾಡಿಸಿ. ಒಳಗೆ ಹನ್ನೆರಡು ಚೌಕಗಳು, ಹಾಗಾಗಿ 0.3 × 0.4 = 0.12. ಕೆಲವು ಪುಸ್ತಕಗಳು ಮೂರು ಕಂಬಸಾಲುಗಳಿಗೆ ಒಂದು ಬಣ್ಣ, ನಾಲ್ಕು ಅಡ್ಡಸಾಲುಗಳಿಗೆ ಇನ್ನೊಂದು ಬಣ್ಣ ಹಚ್ಚಿಸಿ ಎರಡೂ ಬಣ್ಣ ಬಿದ್ದ ಭಾಗವನ್ನು ನೋಡಿ ಎನ್ನುತ್ತವೆ. ನಾನು ಆ ವಿಧಾನವನ್ನು ಯಾರಿಗೂ ಹೇಳುವುದಿಲ್ಲ. ಮಕ್ಕಳು ಬಣ್ಣ ಬಿದ್ದ ಚೌಕಗಳನ್ನೆಲ್ಲ ಎಣಿಸಿ 58 ಎನ್ನುತ್ತಾರೆ, ಆಮೇಲೆ ಅದನ್ನು ಬಿಡಿಸಿ ಹೇಳುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ಆಯತವೊಂದನ್ನೇ ಬರೆಸಿದರೆ ಈ ತೊಡಕು ಹುಟ್ಟುವುದೇ ಇಲ್ಲ.

ಆರಂಭದ 0.3 × 0.2ನ್ನು ಇದೇ ಹಾಳೆಯ ಮೇಲೆ ಮಾಡಿಸಿದರೆ ಆರು ಪುಟ್ಟ ಚೌಕಗಳು, ಅಂದರೆ 0.06 ಸಿಗುತ್ತದೆ. ಅಲ್ಲಿಗೆ ಬಿಡದೆ, ಇನ್ನೊಂದು ದೊಡ್ಡ ಚೌಕವನ್ನು ಒತ್ತಿಗೇ ಎಳೆಸಿ 0.3 × 2ನ್ನೂ ಬರೆಸಿ: ಎರಡು ಚೌಕಗಳ ಉದ್ದಕ್ಕೂ ಹಬ್ಬಿದ ಅರವತ್ತು ಪುಟ್ಟ ಚೌಕಗಳ ಪಟ್ಟಿಯೇ 0.6. ಎರಡು ಆಯತಗಳನ್ನೂ ಒಂದೇ ಹಾಳೆಯಲ್ಲಿ ಕಂಡ ಮಗು, ಎರಡಕ್ಕೂ 0.6 ಎಂಬ ಒಂದೇ ಉತ್ತರ ಬರಲಾರದೆಂದು ತಾನೇ ಹೇಳುತ್ತದೆ. ಗುಣಿಸಿದರೆ ಸಂಖ್ಯೆ ಹಿಗ್ಗಲೇಬೇಕು ಎಂಬ ಹಳೆಯ ನಂಬಿಕೆ ಮುರಿಯುವುದೂ ಇಲ್ಲೇ. 1ಕ್ಕಿಂತ ಚಿಕ್ಕದಾದ ಗುಣಕದಿಂದ ಗುಣಿಸಿದಾಗ ಕುಗ್ಗುತ್ತದೆ ಎಂಬುದನ್ನು ಅವರ ಮಾತಿನಲ್ಲೇ ಬರೆಸಿಕೊಳ್ಳಿ.

ಗ್ರಾಫ್ ಹಾಳೆಯ ಬದಲು ಪ್ಲಾಸ್ಟಿಕ್ ಬಿಲ್ಲೆಗಳ ಕಿಟ್ ಬಳಸಬಹುದೇ ಎಂದು ಕೆಲವರು ಕೇಳುತ್ತಾರೆ. ಯಾವ ಬಿಲ್ಲೆಯನ್ನು ಮಕ್ಕಳು ವರ್ಷಗಟ್ಟಲೆ ನೂರು ಎಂದು ಕರೆದಿರುತ್ತಾರೋ ಅದನ್ನೇ ಈಗ ಒಂದು ಎನ್ನಬೇಕಾಗುತ್ತದೆ. ಇರುವ ಗೊಂದಲಕ್ಕೆ ಇನ್ನೊಂದನ್ನು ಸೇರಿಸುವುದು ಬೇಡ.

ನಾಲ್ಕನೆಯ ಹಂತದಲ್ಲಿ, ಚಿತ್ರದಲ್ಲಿ ಕಂಡದ್ದನ್ನು ಭಿನ್ನರಾಶಿಯಲ್ಲಿ ಬರೆಸಿ. 3/10 × 4/10 = 12/100; ಹತ್ತನೆಯ ಭಾಗದ ಹತ್ತನೆಯ ಭಾಗವೇ ನೂರನೆಯ ಭಾಗ. ಚೌಕುಳಿಯಲ್ಲಿ ಬರೆಯಲಾಗದ 2.4 × 0.35ರಂಥ ಲೆಕ್ಕಕ್ಕೂ ಇದು ಒದಗುತ್ತದೆ: 24/10 × 35/100 = 840/1000. ಛೇದದಲ್ಲಿ ಒಂದು ಸೊನ್ನೆಯೂ ಎರಡು ಸೊನ್ನೆಗಳೂ ಸೇರಿ ಮೂರು ಸೊನ್ನೆಗಳಾದವು ಎಂಬುದನ್ನು ಮಕ್ಕಳು ಗಮನಿಸಿದರೆ, ಸೂತ್ರ ಆಗಲೇ ಅವರ ಕೈಯಲ್ಲಿದೆ. 1585ರಲ್ಲಿ ದಶಮಾಂಶಗಳ ಲೆಕ್ಕವನ್ನು ಯುರೋಪಿನಲ್ಲಿ ಪ್ರಚಾರಕ್ಕೆ ತಂದ ಸೈಮನ್ ಸ್ಟೆವಿನ್ ಬಿಂದುವನ್ನೇ ಬಳಸುತ್ತಿರಲಿಲ್ಲ. ಹತ್ತನೆಯ ಭಾಗದ ಅಂಕಿಗೆ ವೃತ್ತದೊಳಗೆ 1, ನೂರನೆಯ ಭಾಗದ ಅಂಕಿಗೆ ವೃತ್ತದೊಳಗೆ 2 ಎಂದು ಗುರುತು ಹಾಕುತ್ತಿದ್ದ. ಗುಣಿಸುವಾಗ ಕೊನೆಯ ಅಂಕಿಗಳ ವೃತ್ತಸಂಖ್ಯೆಗಳನ್ನು ಕೂಡಿದರೆ ಉತ್ತರದ ಕೊನೆಯ ಅಂಕಿಯ ವೃತ್ತಸಂಖ್ಯೆ ಸಿಗುತ್ತಿತ್ತು. ನಾವು ಸ್ಥಾನಗಳನ್ನು ಎಣಿಸಿ ಕೂಡುವುದೂ ಅದನ್ನೇ.

ಐದನೆಯದು ಅಂದಾಜು, ಮತ್ತು ಅದು ಲೆಕ್ಕಕ್ಕಿಂತ ಮೊದಲು ಬರಬೇಕು. ಉತ್ತರ ಬರೆದ ಮೇಲೆ ಅಂದಾಜು ಮಾಡು ಎಂದರೆ ಮಕ್ಕಳು ಉತ್ತರವನ್ನು ನೋಡಿಕೊಂಡು ಅದಕ್ಕೆ ಹೊಂದುವ ಅಂದಾಜನ್ನು ಬರೆಯುತ್ತಾರೆ. ಅಭ್ಯಾಸ ಹೀಗಿರಲಿ: ಕಪ್ಪುಹಲಗೆಯ ಮೇಲೆ 376 × 48 = 18048 ಎಂದು ನೀವೇ ಬರೆದುಬಿಡಿ. ಇನ್ನು ಮಕ್ಕಳು ಗುಣಿಸುವಂತಿಲ್ಲ, ಬಿಂದುವನ್ನು ಮಾತ್ರ ಇಡಬೇಕು. 3.76 × 4.8 ಎಷ್ಟು? ಸುಮಾರು ನಾಲ್ಕು ಐದಲ ಇಪ್ಪತ್ತು, ಆದ್ದರಿಂದ 18.048. 0.376 × 4.8? ಐದರಲ್ಲಿ ಅರ್ಧಕ್ಕಿಂತ ಕಡಿಮೆ, ಆದ್ದರಿಂದ 1.8048. 37.6 × 0.48? ಮೂವತ್ತೆಂಟರ ಅರ್ಧದ ಆಸುಪಾಸು, ಮತ್ತೆ 18.048. ಸ್ಥಾನ ಎಣಿಸುವ ಮಾತೇ ಇಲ್ಲದೆ ಬಿಂದು ತನ್ನ ಜಾಗಕ್ಕೆ ಬರುತ್ತದೆ. ಈ ಅಭ್ಯಾಸಕ್ಕೆ ಎರಡು ಪೀರಿಯಡ್ ಕೊಟ್ಟರೂ ನಷ್ಟವಿಲ್ಲ.

ಸೂತ್ರದ ಸರದಿ ಈಗ. ಬಿಂದುಗಳನ್ನು ಮರೆತು ಪೂರ್ಣಸಂಖ್ಯೆಗಳಂತೆ ಗುಣಿಸಿ, ಎರಡೂ ಸಂಖ್ಯೆಗಳ ದಶಮಾಂಶ ಸ್ಥಾನಗಳನ್ನು ಕೂಡಿ, ಬಲಗಡೆಯಿಂದ ಅಷ್ಟು ಸ್ಥಾನ ಎಣಿಸಿ ಬಿಂದು ಇಡಬೇಕು. ಬಿಂದುವಿನ ಕೆಳಗೆ ಬಿಂದು ಬರೆಯುವ ಅಗತ್ಯವಿಲ್ಲ. ಕೊನೆಯ ಅಂಕಿಗಳು ಒಂದರ ಕೆಳಗೊಂದು ಬಂದರೆ ಸಾಕು.

ಸೂತ್ರ ಕಲಿತ ಮೇಲೂ ಸೊನ್ನೆ ಎರಡು ಕಡೆ ಕಾಡುತ್ತದೆ. ಮೊದಲನೆಯದು ಬಲತುದಿಯ ಸೊನ್ನೆ. 2.4 × 0.35ರಲ್ಲಿ 840 ಬಂದ ಕೂಡಲೇ ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಅಳಿಸಿ, ಉಳಿದ 84ರಲ್ಲಿ ಮೂರು ಸ್ಥಾನ ಎಣಿಸುವ ಮಗು 0.084 ಎಂದು ಬರೆಯುತ್ತದೆ. ಸೊನ್ನೆಗೂ ಒಂದು ಸ್ಥಾನವಿದೆ. ಮೊದಲು ಬಿಂದು ಇಟ್ಟು 0.840 ಎಂದಾದ ಮೇಲಷ್ಟೇ ಅದನ್ನು ಬಿಡಬಹುದು. 2.4ರಲ್ಲಿ ಸುಮಾರು ಮೂರನೆಯ ಒಂದು ಭಾಗ ಎಂದು ಮೊದಲೇ ಅಂದಾಜು ಮಾಡಿದ್ದ ಮಗು 0.084ನ್ನು ಒಪ್ಪುವುದೂ ಇಲ್ಲ. ಎರಡನೆಯದು ಎಡಗಡೆ ಸಾಲದ ಅಂಕಿಗಳು: 0.02 × 0.3ರಲ್ಲಿ ಗುಣಲಬ್ಧ ಬರೀ 6, ಬೇಕಾದ ಸ್ಥಾನಗಳು ಮೂರು. ಖಾಲಿ ಮನೆಗಳನ್ನು ಎಡಗಡೆ ಸೊನ್ನೆಗಳಿಂದ ತುಂಬಿ 0.006 ಎಂದು ಬರೆಯಬೇಕು; ಬಲಗಡೆ ಸೊನ್ನೆ ಹಾಕಿ 0.600 ಮಾಡುವವರು ಇರುವುದರಿಂದ, ಮೂರು ಮನೆಗಳನ್ನು ಮೊದಲೇ ಗೀರಿಸಿ 6ನ್ನು ಕೊನೆಯ ಮನೆಯಲ್ಲಿ ಕೂರಿಸುವುದು ಒಳ್ಳೆಯದು.

ಅಭ್ಯಾಸಕ್ಕೆ ಸಿದ್ಧ ವರ್ಕ್‌ಶೀಟ್‌ಗಳನ್ನು ಆರಿಸುವಾಗ ಒಮ್ಮೆ ಕಣ್ಣಾಡಿಸಿ. ಹಲವುಗಳಲ್ಲಿ ಎಲ್ಲ ಲೆಕ್ಕಗಳೂ ಒಂದು ಸ್ಥಾನವನ್ನು ಒಂದು ಸ್ಥಾನದಿಂದ ಗುಣಿಸುವಂಥವೇ ಆಗಿದ್ದು, ಉತ್ತರದಲ್ಲಿ ಯಾವಾಗಲೂ ಎರಡೇ ಸ್ಥಾನ ಎಂದು ಮಕ್ಕಳು ನಂಬಿಬಿಡುತ್ತಾರೆ. 2.5 × 0.48, 0.05 × 0.2, 12 × 0.07, 1.01 × 1.1 ಇಂಥವನ್ನು ಬೆರಸಿದ ಎಂಟೇ ಲೆಕ್ಕಗಳು ಅಂಥ ನಲವತ್ತಕ್ಕಿಂತ ಮೇಲು. ತಾಳೆ ನೋಡಲು ಕ್ಯಾಲ್ಕುಲೇಟರ್ ಕೊಡುವುದಾದರೆ ಅದು ಬಲತುದಿಯ ಸೊನ್ನೆಗಳನ್ನು ತೋರಿಸುವುದಿಲ್ಲವೆಂದು ಮೊದಲೇ ತಿಳಿಸಿ, ಇಲ್ಲದಿದ್ದರೆ 1.200 ಎಂದು ಸರಿಯಾಗಿ ಬರೆದ ಮಗು ಪರದೆಯ ಮೇಲೆ 1.2 ನೋಡಿ ತನ್ನದನ್ನು ಹೊಡೆದುಹಾಕುತ್ತದೆ.

ನೋಟ್‌ಬುಕ್ ತಿದ್ದುವಾಗ ಇಡೀ ಉತ್ತರಕ್ಕೆ ಒಂದೇ ಗೆರೆ ಎಳೆಯಬೇಡಿ. ಅಂಕಿಗಳು ತಪ್ಪಾಗಿದ್ದರೆ ಅಂಕಿಗಳಿಗೆ, ಬಿಂದು ತಪ್ಪಿದ್ದರೆ ಬಿಂದುವಿಗೆ ಬೇರೆ ಬೇರೆ ಗುರುತು ಹಾಕಿ. ಅಂಕಿ ತಪ್ಪಿದವರನ್ನು ಮಗ್ಗಿಗೂ ಎರಡಂಕಿಯ ಗುಣಾಕಾರಕ್ಕೂ ಮರಳಿಸಿ. ಬಿಂದು ತಪ್ಪಿದವರಿಗೆ ಮತ್ತೆ ಗುಣಿಸುವ ಲೆಕ್ಕ ಕೊಡದೆ, ಬಿಂದುವಿಲ್ಲದ ಗುಣಲಬ್ಧವನ್ನು ಬರೆದುಕೊಟ್ಟು ಅಂದಾಜಿನಿಂದ ಬಿಂದು ಇಡಲು ಹೇಳಿ.