ಎಂಟು ಕೋರ್, ಎಂಟು ವೇಗ: ಯಾವ ಅಂಕಿಯನ್ನು ನಂಬಬೇಕು?

ಒಂದೇ ಪ್ರೊಸೆಸರ್ ಚಿಪ್‌ನೊಳಗೆ ಎಂಟು ಕೋರ್ (ಲೆಕ್ಕ ಮಾಡುವ ಘಟಕ) ಇದ್ದರೆ ಎಂಟೂ ಒಂದೇ ವೇಗದಲ್ಲಿ ಓಡಬೇಕು ಅಲ್ವಾ? ಲಿನಕ್ಸ್‌ನಲ್ಲಿ ಪ್ರಾಕ್ ಫೋಲ್ಡರ್‌ನ ಸಿಪಿಯುಇನ್ಫೊ ಫೈಲ್ ತೆರೆದು ಮೆಗಾಹರ್ಟ್ಸ್ ಸಾಲುಗಳನ್ನು ನೋಡಿದರೆ ಆ ನಂಬಿಕೆ ಅಲ್ಲೇ ಮುಗಿಯುತ್ತದೆ. ನನ್ನ ವರ್ಕ್‌ಸ್ಟೇಷನ್‌ನಲ್ಲಿ ಒಂದು ಕೋರ್ 1199 ಅಂತ ತೋರಿಸುತ್ತಿತ್ತು, ಅದರ ಪಕ್ಕದ್ದು 1743, ಇನ್ನೊಂದು 3290. ಎರಡು ಸೆಕೆಂಡ್ ಬಿಟ್ಟು ನೋಡಿದರೆ ಎಲ್ಲ ಅದಲುಬದಲು. ಪ್ರೊಸೆಸರ್ ಹೆಸರಿನ ಸಾಲಿನಲ್ಲಿ ಮಾತ್ರ 2.60 ಗಿಗಾಹರ್ಟ್ಸ್ ಅಂತ ಅಲ್ಲಾಡದೆ ಕೂತಿತ್ತು.

ನಾನು ಈ ಅಂಕಿಗಳ ಹಿಂದೆ ಬಿದ್ದದ್ದು ಕುತೂಹಲಕ್ಕಲ್ಲ. ಒಂದು ರಾಶಿ ಫೋಟೊಗಳನ್ನು ಎಂಟು ಸಮಪಾಲು ಮಾಡಿ, ಟಾಸ್ಕ್‌ಸೆಟ್ ಕಮಾಂಡ್‌ನಿಂದ ಒಂದೊಂದು ಪಾಲನ್ನು ಒಂದೊಂದು ಕೋರ್‌ಗೆ ಕಟ್ಟಿಹಾಕಿ ಓಡಿಸುತ್ತಿದ್ದೆ. ನಾಲ್ಕು ಪಾಲು ಬೇಗ ಮುಗಿದು ಆ ಕೋರ್‌ಗಳು ಸುಮ್ನೆ ಕೂರುತ್ತಿದ್ದವು. ಉಳಿದ ನಾಲ್ಕು ಎಷ್ಟೋ ಹೊತ್ತು ಏದುಸಿರು ಬಿಡುತ್ತಿದ್ದವು. ಫೋಟೊಗಳನ್ನು ಕಲಸಿ ಮತ್ತೆ ಹಂಚಿದರೂ ಹಿಂದೆ ಬೀಳುವ ಕೋರ್‌ಗಳು ಅವೇ: ಸೊನ್ನೆಯಿಂದ ಮೂರರವರೆಗಿನವು. ಅಂದರೆ ತೊಂದರೆ ಫೋಟೊಗಳಲ್ಲಿ ಇರಲಿಲ್ಲ.

ಇಲ್ಲಿ ಎರಡು ವಿಷಯ ಬೇರೆ ಮಾಡಿಕೊಳ್ಳಬೇಕಾಯಿತು. ಕೋರ್‌ಗಳ ವೇಗ ನಿಜವಾಗಿಯೂ ಬೇರೆ ಇರಬಹುದು. ಇಲ್ಲವೇ ವೇಗ ಒಂದೇ ಇದ್ದು, ಓದಿದ ಅಂಕಿ ಬೇರೆ ಬರುತ್ತಿರಬಹುದು. ಎರಡೂ ಒಟ್ಟಿಗೇ ನಡೆಯುವುದರಿಂದಲೇ ತಲೆ ಕೆಡುವುದು.

ಮೊದಲು ವೇಗದ ಮಾತು. ಹೆಸರಿನ ಸಾಲಿನಲ್ಲಿರುವ 2.60 ಬರೀ ಬೇಸ್ ವೇಗ, ಅಂದರೆ ತಯಾರಕರು ನಿಗದಿ ಮಾಡಿದ ಮೂಲ ವೇಗ. ನನ್ನ ಚಿಪ್ ಕೆಲಸವಿಲ್ಲದಾಗ 1.2ಕ್ಕೆ ಇಳಿಯುತ್ತದೆ, ಒಂದೆರಡು ಕೋರ್ ಮಾತ್ರ ದುಡಿಯುವಾಗ ಟರ್ಬೊದಲ್ಲಿ (ಬೇಸ್ ವೇಗ ದಾಟುವ ಓಟದಲ್ಲಿ) 3.4ರವರೆಗೆ ಏರುತ್ತದೆ. ಇವೆರಡರ ನಡುವೆ ಯಾವ ಅಂಕಿ ಕಂಡರೂ ಅದು ಸಹಜವೇ. ಇನ್ನು ಕೋರ್‌ಗೆ ಕೋರ್ ಬೇರೆ ವೇಗ ಇರಬಹುದೇ ಎಂಬುದು ಚಿಪ್ ಮೇಲೆ ಹೋಗುತ್ತದೆ. ಇಂಟೆಲ್‌ನ ಸರ್ವರ್ ಚಿಪ್‌ಗಳಲ್ಲಿ 2014ರ ಹ್ಯಾಸ್‌ವೆಲ್ ಜಿಯಾನ್‌ನಿಂದ ಪ್ರತಿ ಕೋರ್‌ಗೂ ತನ್ನದೇ ವೇಗ ಇರಬಹುದು. ನನ್ನದು ಅದೇ ಪೀಳಿಗೆಯದು. ಆ ಕಾಲದ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಹಾಗಲ್ಲ, ಎಚ್ಚರವಿರುವ ಕೋರ್‌ಗಳೆಲ್ಲ ಒಂದೇ ವೇಗದಲ್ಲಿ ಓಡುತ್ತವೆ.

ಎಎಮ್‌ಡಿ ಇದನ್ನು ಇನ್ನೂ ಮೊದಲೇ ಮಾಡಿ ನೋಡಿತ್ತು. 2007ರ ಫೆನಮ್ ಚಿಪ್‌ನಲ್ಲಿ ಪ್ರತಿ ಕೋರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತಿತ್ತು. ಆದರೆ ಆಗಿನ ವಿಂಡೋಸ್ ಒಂದು ಕೆಲಸವನ್ನು ಕೋರ್‌ನಿಂದ ಕೋರ್‌ಗೆ ಎತ್ತಿ ಹಾಕುತ್ತಲೇ ಇರುತ್ತಿತ್ತು. ಕೆಲಸ ಹೋದ ಕಡೆಯೆಲ್ಲ ನಿಧಾನದ ಕೋರ್ ಸಿಕ್ಕು, ಅದು ವೇಗ ಹಿಡಿಯುವಷ್ಟರಲ್ಲಿ ಕೆಲಸ ಮತ್ತೊಂದು ಕಡೆಗೆ ಹೊರಟಿರುತ್ತಿತ್ತು. ಫೆನಮ್ 2ರಲ್ಲಿ ಎಲ್ಲ ಕೋರ್‌ಗಳನ್ನೂ ಒಟ್ಟಿಗೇ ಏರಿಸಿ ಇಳಿಸುವ ದಾರಿಗೆ ಬಂದರು.

ಇನ್ನು ಓದುವ ವಿಷಯ. ನನಗೆ ಜಾಸ್ತಿ ರುಚಿಸಿದ್ದು ಇದೇ. ಇಂಟೆಲ್ ಮತ್ತು ಎಎಮ್‌ಡಿ ಚಿಪ್‌ಗಳ ಪ್ರತಿ ಕೋರ್‌ನೊಳಗೂ ಎರಡು ಎಣಿಕೆ ರಿಜಿಸ್ಟರ್ (ಎಣಿಕೆ ಇಟ್ಟುಕೊಳ್ಳುವ ಪುಟ್ಟ ಜಾಗ) ಇರುತ್ತವೆ, ಎಪರ್ಫ್ ಮತ್ತು ಎಂಪರ್ಫ್ ಅಂತ. ಎಂಪರ್ಫ್ ಒಂದು ನಿಗದಿತ ವೇಗದಲ್ಲಿ ಏರುತ್ತದೆ. ಎಪರ್ಫ್ ಕೋರ್ ನಿಜವಾಗಿ ಓಡುವ ವೇಗದಲ್ಲಿ ಏರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಎರಡನ್ನೂ ಓದಿ, ಎಪರ್ಫ್ ಎಷ್ಟು ಹೆಚ್ಚಿತೋ ಅದನ್ನು ಎಂಪರ್ಫ್ ಹೆಚ್ಚಿದ್ದರಿಂದ ಭಾಗಿಸಿ, ಬೇಸ್ ವೇಗದಿಂದ ಗುಣಿಸಿದರೆ ಕೋರ್‌ನ ವೇಗ ಸಿಗುತ್ತದೆ. ಎಪರ್ಫ್ 28 ಕೋಟಿ, ಎಂಪರ್ಫ್ 26 ಕೋಟಿ ಹೆಚ್ಚಿದ್ದರೆ, 2600 ಬೇಸ್‌ನ ಚಿಪ್ ಆಗ 2800ರಲ್ಲಿ ಓಡಿದೆ ಅಂತ ಲೆಕ್ಕ.

ಒಂದು ಸೂಕ್ಷ್ಮ ಇದೆ. ಕೋರ್ ನಿದ್ದೆಗೆ ಹೋದಾಗ ಈ ಎರಡೂ ನಿಂತುಬಿಡುತ್ತವೆ. ಆದ್ದರಿಂದ ಬರುವ ಉತ್ತರ ಎಚ್ಚರವಿದ್ದ ಹೊತ್ತಿನ ಸರಾಸರಿ ಮಾತ್ರ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಮಲಗಿದ್ದ ಕೋರ್ ಕೂಡ, ಎದ್ದ ಆ ಒಂದು ಚೂರು ಹೊತ್ತು ಟರ್ಬೊದಲ್ಲಿ ಓಡಿದ್ದರೆ, 3290 ಅಂತ ಹೇಳಿಕೊಳ್ಳುತ್ತದೆ. ಅದು ಸುಳ್ಳಲ್ಲ. ಆದರೆ ಕೋರ್ ಅಷ್ಟು ದುಡಿಯುತ್ತಿದೆ ಅಂತ ಅರ್ಥವೂ ಅಲ್ಲ. ಸಾಲದ್ದಕ್ಕೆ, ಅಂಕಿ ಓದುವ ಪ್ರೋಗ್ರಾಂ ಕೂಡ ಯಾವುದೋ ಒಂದು ಕೋರ್ ಮೇಲೇ ಓಡಬೇಕು. ಓದಲು ಹೋಗಿದ್ದಕ್ಕೇ ಆ ಕೋರ್ ಎದ್ದು ವೇಗ ಹಿಡಿಯುತ್ತದೆ. ವಾಚ್ ಕಮಾಂಡ್ ಹಾಕಿ ಸೆಕೆಂಡಿಗೊಮ್ಮೆ ನೋಡುತ್ತಾ ಕೂತರೆ ಯಾವಾಗಲೂ ಒಂದಲ್ಲ ಒಂದು ಕೋರ್ ಎತ್ತರದಲ್ಲಿ ಕಾಣಲು ಇದೂ ಒಂದು ಕಾರಣ.

ಹಾಗಾಗಿ ಸಿಪಿಯುಇನ್ಫೊ ಬಿಟ್ಟು ಟರ್ಬೊಸ್ಟ್ಯಾಟ್ ಎಂಬ ಟೂಲ್‌ಗೆ ಬಂದೆ. ರೂಟ್ (ಅಡ್ಮಿನ್) ಅನುಮತಿ ಬೇಕು, ಅಷ್ಟೇ. ಅದು ಪ್ರತಿ ಕೋರ್‌ಗೂ ಮೂರು ಅಂಕಿ ಅಕ್ಕಪಕ್ಕ ಕೊಡುತ್ತದೆ: ಒಟ್ಟು ಹೊತ್ತಿನ ಸರಾಸರಿ ವೇಗ, ಎಚ್ಚರವಿದ್ದ ಶೇಕಡಾವಾರು, ಎಚ್ಚರವಿದ್ದಾಗಿನ ವೇಗ. ಶೇ. 10ರಷ್ಟು ಹೊತ್ತು 3300ರಲ್ಲಿ ಓಡಿ ಉಳಿದ ಹೊತ್ತು ಮಲಗಿದ್ದರೆ ಮೊದಲ ಅಂಕಿ 330, ಮೂರನೆಯದು 3300. ಒಂದೇ ಕೋರ್, ಒಂದೇ ಕ್ಷಣ, ಹತ್ತು ಪಟ್ಟು ವ್ಯತ್ಯಾಸ. ಎರಡು ಟೂಲ್‌ಗಳು ಬೇರೆ ಬೇರೆ ಹೇಳಿದಾಗ ಜಗಳಕ್ಕೆ ಮುಂಚೆ ಯಾವುದು ಇವೆರಡರಲ್ಲಿ ಯಾವ ಲೆಕ್ಕ ಕೊಡುತ್ತಿದೆ ಅಂತ ನೋಡಿಬಿಡಿ.

ಟಿಎಸ್‌ಸಿ (ಟೈಮ್ ಸ್ಟ್ಯಾಂಪ್ ಕೌಂಟರ್) ಎಂಬ ಎಣಿಕೆಯಿಂದ ವೇಗ ಅಳೆಯುವ ಹಳೆಯ ಪ್ರೋಗ್ರಾಂಗಳೂ ಇವೆ. ಈಗಿನ ಚಿಪ್‌ಗಳಲ್ಲಿ ಅದು ಕೋರ್ ಏರಲಿ ಇಳಿಯಲಿ ಒಂದೇ ವೇಗದಲ್ಲಿ ಓಡುತ್ತದೆ. ಹೊತ್ತು ಅಳೆಯಲು ಒಳ್ಳೆಯದು, ಕೋರ್ ವೇಗಕ್ಕೆ ಪ್ರಯೋಜನವಿಲ್ಲ. ಎಎಮ್‌ಡಿಯ ಅಥ್ಲಾನ್ 64 ಎಕ್ಸ್2 ಚಿಪ್ ಕಾಲದಲ್ಲಿ ಎರಡು ಕೋರ್‌ಗಳ ಟಿಎಸ್‌ಸಿ ಒಂದಕ್ಕೊಂದು ತಾಳೆಯಾಗದೆ ಗೇಮ್‌ಗಳೇ ಮುಗ್ಗರಿಸುತ್ತಿದ್ದವು. ಅದನ್ನು ಸರಿಮಾಡಲು ಎಎಮ್‌ಡಿ ಪ್ರತ್ಯೇಕ ಸಾಫ್ಟ್‌ವೇರ್ ಕೊಡಬೇಕಾಯಿತು.

ಸರಿ, ನನ್ನ ಹಿಂದೆ ಬೀಳುವ ನಾಲ್ಕು ಕೋರ್‌ಗಳ ಕಥೆಗೆ ಬರೋಣ. ಖಾಲಿ ಕೂತ ಕೋರ್‌ಗಳನ್ನು ಹೋಲಿಸಿ ಏನೂ ಸಿಗುವುದಿಲ್ಲ. ಎಲ್ಲಕ್ಕೂ ಒಂದೇ ಭಾರ ಹೊರಿಸಿ ನೋಡಬೇಕು. ಸ್ಟ್ರೆಸ್-ಎನ್‌ಜಿ ಎಂಬ, ಭಾರ ಹೊರಿಸುವ ಪ್ರೋಗ್ರಾಂ ಹಾಕಿ ಎಂಟೂ ಕೋರ್‌ಗಳನ್ನು ಪೂರ್ತಿ ತುಂಬಿಸಿದೆ. ಬೇಕೆಂದೇ ಸಾದಾ ಪೂರ್ಣಾಂಕ ಲೆಕ್ಕದ ಬಗೆ ಆರಿಸಿಕೊಂಡೆ. ಎವಿಎಕ್ಸ್ (ಒಂದೇ ಸಲಕ್ಕೆ ಹಲವು ಅಂಕಿಗಳ ಮೇಲೆ ಲೆಕ್ಕ ಮಾಡುವ ಆದೇಶಗಳು) ಬಳಸುವ ಭಾರಿ ಲೆಕ್ಕ ಬಂದರೆ ಈ ಪೀಳಿಗೆಯ ಚಿಪ್ ತಾನಾಗಿಯೇ ವೇಗ ಇಳಿಸುತ್ತದೆ, ಆಗ ಇನ್ನೊಂದು ಗೊಂದಲ. ಫ್ಯಾನ್ ಸದ್ದು ಒಂದು ಹದಕ್ಕೆ ಬರುವವರೆಗೆ ಬಿಟ್ಟು, ಆಮೇಲೆ ಟರ್ಬೊಸ್ಟ್ಯಾಟ್ ನೋಡಿದೆ.

ಎಂಟೂ ಶೇ. 100 ಎಚ್ಚರ. ನಾಲ್ಕರಿಂದ ಏಳರವರೆಗಿನ ಕೋರ್‌ಗಳು 2800ರ ಆಸುಪಾಸು. ಸೊನ್ನೆಯಿಂದ ಮೂರು, 2000. ಆಸುಪಾಸು ಕೂಡ ಅಲ್ಲ, 2000ಕ್ಕೆ ಅಂಟಿಕೊಂಡು ಕೂತಿದ್ದವು.

ಮೊದಲು ಅನುಮಾನ ಬಂದದ್ದು ಬಿಸಿಯ ಮೇಲೆ. ಒಂದು ಪಕ್ಕದ ಕೋರ್‌ಗಳಿಗೆ ಥರ್ಮಲ್ ಪೇಸ್ಟ್ ಸರಿಯಾಗಿ ತಾಗಿಲ್ಲವೇನೋ ಅನ್ನಿಸಿತು. ಆದರೆ ಬಿಸಿಯಿಂದ ಇಳಿದ ವೇಗ ಹೀಗೆ ದುಂಡು ಅಂಕಿಯಲ್ಲಿ ನಿಲ್ಲುವುದು ಅಪರೂಪ. ಅದು ಏರುತ್ತಾ ಇಳಿಯುತ್ತಾ ತೂಗಾಡುತ್ತದೆ. ಆದರೂ ಸಿಸ್ ಫೋಲ್ಡರ್‌ನಲ್ಲಿ ಪ್ರತಿ ಕೋರ್‌ನ ಥರ್ಮಲ್ ಥ್ರಾಟಲ್ (ಬಿಸಿಯಿಂದ ವೇಗ ಇಳಿಸಿದ್ದರ) ಎಣಿಕೆ ನೋಡಿದೆ. ಯಾವುದೂ ಕದಲಲಿಲ್ಲ. ದುಂಡು ಅಂಕಿ ಕಂಡರೆ ಯಾರೋ ಕೈಯಾರೆ ಹಾಕಿದ ಮಿತಿ ಅಂತ ಮೊದಲು ಅನುಮಾನಿಸುವುದೇ ವಾಸಿ.

ಅದೇ ಸಿಸ್ ಫೋಲ್ಡರ್‌ನ ಒಳಗೆ ಪ್ರತಿ ಕೋರ್‌ಗೂ ಸಿಪಿಯುಫ್ರೆಕ್ ಎಂಬ ಜಾಗ ಇದೆ. ಅಲ್ಲಿ ಗವರ್ನರ್ (ವೇಗ ನಿರ್ಧರಿಸುವ ನೀತಿ) ಯಾವುದು, ಕನಿಷ್ಠ ವೇಗ ಎಷ್ಟು, ಗರಿಷ್ಠ ಎಷ್ಟು ಅಂತ ಪುಟ್ಟ ಪುಟ್ಟ ಫೈಲ್‌ಗಳಿರುತ್ತವೆ. ಅಂಕಿಗಳು ಕಿಲೋಹರ್ಟ್ಸ್‌ನಲ್ಲಿ. ಎಂಟೂ ಕೋರ್‌ಗಳಲ್ಲಿ ಗವರ್ನರ್ ಪವರ್‌ಸೇವ್. ಹೆಸರು ನೋಡಿ ಗಾಬರಿ ಬೇಡ, ವೇಗ ನಿಭಾಯಿಸುವ ಇಂಟೆಲ್ ಪಿಸ್ಟೇಟ್ ಡ್ರೈವರ್‌ನಲ್ಲಿ ಪವರ್‌ಸೇವ್ ಅಂದರೂ ಭಾರ ಬಂದಾಗ ವೇಗ ಏರುತ್ತದೆ. ವ್ಯತ್ಯಾಸ ಸಿಕ್ಕಿದ್ದು ಗರಿಷ್ಠದ ಫೈಲ್‌ನಲ್ಲಿ. ಕೊನೆಯ ನಾಲ್ಕರಲ್ಲಿ 3400000. ಮೊದಲ ನಾಲ್ಕರಲ್ಲಿ 2000000.

ಇದನ್ನು ಬರೆದವರು ಯಾರು? ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರ್ ಪೂರ್ತಿ ಗ್ರೆಪ್ ಕಮಾಂಡ್‌ನಿಂದ ಹುಡುಕಿದಾಗ ಬೂಟ್ ಆಗುವಾಗ ಓಡುವ ಒಂದು ಸಣ್ಣ ಸರ್ವಿಸ್ ಸಿಕ್ಕಿತು. ಈ ಡಿಸ್ಕ್ ಮೊದಲು ನಾಲ್ಕು ಕೋರ್‌ನ ಇನ್ನೊಂದು ಮಷಿನ್‌ನಲ್ಲಿತ್ತು. ಅದನ್ನು ಬಳಸುತ್ತಿದ್ದವರು ಫ್ಯಾನ್ ಸದ್ದು ಕಡಿಮೆ ಮಾಡಲು 2 ಗಿಗಾಹರ್ಟ್ಸ್ ಮಿತಿ ಹಾಕಿಕೊಂಡಿದ್ದರು. ಸ್ಕ್ರಿಪ್ಟ್‌ನಲ್ಲಿ ಕೋರ್ ಸಂಖ್ಯೆಗಳನ್ನು ಸೊನ್ನೆ, ಒಂದು, ಎರಡು, ಮೂರು ಅಂತ ಕೈಯಲ್ಲೇ ಬರೆದಿದ್ದರು. ಅವರ ಮಷಿನ್‌ಗೆ ಅದು ಸರಿಯೇ ಇತ್ತು. ಎಂಟು ಕೋರ್‌ನ ಮಷಿನ್‌ಗೆ ಡಿಸ್ಕ್ ಬಂದ ಮೇಲೆ ಅರ್ಧಕ್ಕೆ ಮಾತ್ರ ಮೂಗುದಾರ ಬಿತ್ತು.

ಸರ್ವಿಸ್ ನಿಲ್ಲಿಸಿ, ಮಷಿನ್ ರೀಸ್ಟಾರ್ಟ್ ಮಾಡಿ, ಅದೇ ಭಾರ ಮತ್ತೆ ಹೊರಿಸಿದೆ. ಎಂಟೂ ಕೋರ್ 2800ರ ಹತ್ತಿರ ಬಂದವು. ಕೆಲವು ಮೆಗಾಹರ್ಟ್ಸ್ ಆಚೀಚೆ ಇದ್ದೇ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಫೋಟೊಗಳ ಎಂಟೂ ಪಾಲು ಹೆಚ್ಚುಕಡಿಮೆ ಒಟ್ಟಿಗೇ ಮುಗಿಯತೊಡಗಿದವು. 3400 ಯಾಕೆ ಬರಲಿಲ್ಲ ಅಂತ ಕೇಳಬಹುದು. ಅದು ಒಂದೆರಡು ಕೋರ್ ಮಾತ್ರ ದುಡಿಯುವಾಗಿನ ಟರ್ಬೊ. ಎಲ್ಲ ಒಟ್ಟಿಗೆ ದುಡಿದರೆ ಮಿತಿ ಕೆಳಗೆ ಬರುತ್ತದೆ. ಎಂಟಕ್ಕೂ ಬೇಕೆಂದೇ ಮಿತಿ ಹಾಕುವುದಾದರೆ ಸಿಪಿಯುಪವರ್ ಕಮಾಂಡ್ ಇದೆ. ಕೋರ್ ಹೆಸರಿಸದಿದ್ದರೆ ಅದು ಎಲ್ಲಕ್ಕೂ ಹಾಕುತ್ತದೆ.

ನಿಮ್ಮ ಮಷಿನ್‌ನಲ್ಲಿ ಹೈಪರ್‌ಥ್ರೆಡಿಂಗ್ ಇದ್ದರೆ ಇನ್ನೊಂದು ನೆನಪಿರಲಿ. ಎರಡು ಲಾಜಿಕಲ್ ಪ್ರೊಸೆಸರ್‌ಗಳು ಒಂದೇ ಕೋರ್ ಹಂಚಿಕೊಂಡಿರುತ್ತವೆ, ಅವಕ್ಕೆ ಗಡಿಯಾರವೂ ಒಂದೇ. ಆ ಜೋಡಿಯಲ್ಲಿ ಅಂಕಿ ಬೇರೆ ಕಂಡರೆ ಓದಿದ ಹೊತ್ತು ಬೇರೆ, ಅಷ್ಟೇ. ನನ್ನದರಲ್ಲಿ ಅದನ್ನು ಬಯೋಸ್‌ನಲ್ಲೇ ಆಫ್ ಮಾಡಿದ್ದೆ. ವರ್ಚುವಲ್ ಮಷಿನ್ ಒಳಗೆ ಕೂತು ವೇಗ ಅಳೆಯಲು ಹೋಗಬೇಡಿ. ಅಲ್ಲಿ ಸಾಮಾನ್ಯವಾಗಿ ಕಾಣುವುದು ಅಲ್ಲಾಡದ ಒಂದು ನಾಮಕಾವಾಸ್ತೆ ಅಂಕಿ.

ಈಗ ಲಾಗಿನ್ ಆಗುವಾಗ ಓಡುವ ಒಂದು ಸಾಲು ಸೇರಿಸಿಕೊಂಡಿದ್ದೇನೆ. ಎಲ್ಲ ಕೋರ್‌ಗಳ ಗರಿಷ್ಠದ ಫೈಲ್ ಓದಿ, ಸಾರ್ಟ್ ಮಾಡಿ, ಒಂದೇ ಥರದವನ್ನು ಯುನಿಕ್ ಕಮಾಂಡ್‌ನಿಂದ ಒಟ್ಟುಗೂಡಿಸುತ್ತದೆ. ಒಂದಕ್ಕಿಂತ ಜಾಸ್ತಿ ಸಾಲು ಬಂದರೆ ಪರದೆ ಮೇಲೆ ತೋರಿಸುತ್ತದೆ. 2021ರಲ್ಲಿ ಬಂದ ಆಲ್ಡರ್ ಲೇಕ್‌ನಂಥ, ದೊಡ್ಡ ಕೋರ್ ಸಣ್ಣ ಕೋರ್ ಬೆರೆತ ಚಿಪ್‌ಗೆ ಇದೇ ಸಾಲು ಹಾಕುವುದಾದರೆ ಸ್ವಲ್ಪ ತಿದ್ದಿಕೊಳ್ಳಿ. ಅಲ್ಲಿ ಗರಿಷ್ಠ ವೇಗಗಳು ಹುಟ್ಟಿನಿಂದಲೇ ಬೇರೆ ಬೇರೆ.